ಎರಡು ಚೀಟಿಗೆ ಒಂದು ಗುಂಡುಸೂಜಿ

ಆಸ್ಪತ್ರೆಯ ಮಾತ್ರೆ, ಗಿಡಮೂಲಿಕೆ ಎರಡೂ ವಿಭಾಗಕ್ಕೆ ಒಬ್ಬರೇ ಒಡೆಯರಾದ ಮಾನ್ಯ ಆರೋಗ್ಯಾಧಿಕಾರಿಗಳೇ,

ಕೊಟ್ಟ ಮಾತು: ರೋಗಿಗೆ ಒಂದೇ ಚೀಟಿ. ಸಿಕ್ಕಿದ್ದು: ಎರಡು, ಒಂದು ಬಿಳಿ, ಒಂದು ಹಸಿರು. ಕೊಟ್ಟ ಮಾತು: ಯಾವ ಗಿಡಮೂಲಿಕೆ ಯಾವ ಮಾತ್ರೆಯ ಜೊತೆ ಜಗಳಕ್ಕೆ ನಿಲ್ಲುತ್ತದೆ ಎಂದು ಎಲ್ಲರಿಗೂ ಕಾಣುವ ಹಾಗೆ ಒಂದು ಫಲಕ. ಸಿಕ್ಕಿದ್ದು: ಫಲಕ ಬಂದಿದೆ, ಸುಳ್ಳು ಹೇಳಬಾರದು, ಅದರ ಮೇಲೆ ‘ಮೌನ ಕಾಪಾಡಿ’ ಎಂದು ಬರೆದಿದೆ. ಕೊಟ್ಟ ಮಾತು: ಎರಡೂ ಕಡೆಯ ಔಷಧಿಗಳನ್ನು ಒಟ್ಟಿಗೆ ನೋಡಿ ಹೇಳಲು ಒಬ್ಬ ತಜ್ಞರು. ಸಿಕ್ಕಿದ್ದು: ಒಂದು ಮೇಜು, ಒಂದು ಕುರ್ಚಿ, ಕುರ್ಚಿಯ ಬೆನ್ನಿಗೆ ನೇತುಹಾಕಿದ ಒಂದು ಬಿಳಿ ಕೋಟು. ಎರಡು ವರ್ಷದಿಂದ ಕೋಟು ತಪ್ಪದೆ ಹಾಜರಿದೆ. ಅದರೊಳಗೆ ಮನುಷ್ಯರನ್ನು ನಾವು ಇನ್ನೂ ಕಂಡಿಲ್ಲ.

ಇವನ್ನೆಲ್ಲ ಕೇಳಿ ನಮ್ಮ ಬಸ್ ನಿಲ್ದಾಣ ಕಾರ್ಮಿಕರ ಸಂಘ ನಿಮಗೆ ಮೂರು ಅರ್ಜಿ ಬರೆಯಿತು. ಮೂರಕ್ಕೂ ಸೇರಿಸಿ ನಿಮ್ಮ ಕಚೇರಿ ಒಂದೂವರೆ ಸಾಲಿನ ಉತ್ತರ ದಯಪಾಲಿಸಿತು: “ಗಿಡಮೂಲಿಕೆ ಹಾಗೂ ಮಾತ್ರೆಗಳ ಪರಸ್ಪರ ಪರಿಣಾಮದಿಂದ ತೊಂದರೆಯಾದ ಯಾವುದೇ ಪ್ರಕರಣ ಈ ಕಚೇರಿಯ ಗಮನಕ್ಕೆ ಬಂದಿರುವುದಿಲ್ಲ.” ಸಂತೋಷ. ಇಗೋ, ಗಮನಕ್ಕೆ ತರುತ್ತಿದ್ದೇನೆ. ಪ್ರಕರಣಕ್ಕೆ ಐವತ್ತೊಂದು ವರ್ಷ. ಪ್ರಕರಣಕ್ಕೆ ಮೂಗಿನ ತುದಿಯಲ್ಲೇ ಸಿಟ್ಟು. ಪ್ರಕರಣ ನನ್ನ ಅತ್ತಿಗೆ.

ನಮ್ಮ ಬಸ್ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷದಿಂದ ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಮೈಕಿನಲ್ಲಿ ಹೇಳುವ ಕಂಠ ಅವರದು. ಅದೇ ನಿಲ್ದಾಣದಲ್ಲಿ ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕಿಟಕಿಯಲ್ಲಿ ಕೂರುವವಳು ನಾನು. ಇಂದಿಗೆ ಒಂದು ತಿಂಗಳಿಂದ ಅತ್ತಿಗೆ ಮನೆಯಲ್ಲಿದ್ದಾರೆ. ಬರುವ ಶನಿವಾರದೊಳಗೆ ನಿಮ್ಮ ಆಸ್ಪತ್ರೆಯ ಆರೋಗ್ಯ ಪ್ರಮಾಣಪತ್ರ ತಾರದಿದ್ದರೆ ಅವರ ಜಾಗದಲ್ಲಿ ಮುದ್ರಿತ ಧ್ವನಿಯ ಒಂದು ಪೆಟ್ಟಿಗೆಯನ್ನು ಕೂರಿಸುವುದಾಗಿ ನಿಲ್ದಾಣದ ಮ್ಯಾನೇಜರ್ ನೋಟೀಸು ಕೊಟ್ಟಿದ್ದಾರೆ. ಆ ಒಂದು ಹಾಳೆ ಕಾಗದ ನಿಮ್ಮ ಎರಡು ವಿಭಾಗಗಳ ನಡುವೆ ಸಿಕ್ಕಿಕೊಂಡಿದೆ. ಅದನ್ನು ಹೊರಗೆಳೆಯುವುದಕ್ಕೇ ಈ ಪತ್ರ. ನಿಮ್ಮ ಕ್ಷೇಮ ವಿಚಾರಿಸಲಿಕ್ಕಲ್ಲ.

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಆರು ತಿಂಗಳ ಹಿಂದೆ ಅತ್ತಿಗೆಗೆ ರಕ್ತದೊತ್ತಡ ಎಂದಾಯಿತು. ಆಸ್ಪತ್ರೆಯ ಪೂರ್ವ ಭಾಗದಲ್ಲಿರುವ ಮಾತ್ರೆಯ ವಿಭಾಗದಲ್ಲಿ ಬಿಳಿ ಚೀಟಿ ಬರೆದು ಒಂದು ಮಾತ್ರೆ ಕೊಟ್ಟರು. ಮೂರನೇ ವಾರಕ್ಕೆ ಒಣಕೆಮ್ಮು ಶುರು. ಬೇರೆಯವರಿಗೆ ಕೆಮ್ಮು ಬಂದರೆ ಕೆಮ್ಮು. ಮೈಕಿನ ಮುಂದೆ ಕೂರುವವರಿಗೆ ಬಂದರೆ ಊರಿಗೇ ಬಂದ ಹಾಗೆ. “ಒಂಬತ್ತು ಹದಿನೈದರ ಬಸ್ಸು ಐದನೇ ಪ್ಲಾಟ್” ಎನ್ನುವಷ್ಟರಲ್ಲಿ ಕೆಮ್ಮು ಹತ್ತಿ, ಮಿಕ್ಕಿದ್ದು ಮುಗಿಯುವಷ್ಟರಲ್ಲಿ ಒಂಬತ್ತು ಹದಿನೈದರ ಬಸ್ಸು ಹೊರಟೇ ಹೋಗುತ್ತಿತ್ತು.

ಅತ್ತಿಗೆ ಬಿಳಿ ಚೀಟಿಯ ಡಾಕ್ಟರ ಮುಂದೆ ಹೋಗಿ ಕೆಮ್ಮಿ ತೋರಿಸಿದರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. “ಇಲ್ಲಿ ಬಿ.ಪಿ. ವಿಷಯ ಮಾತ್ರ ಹೇಳಿ, ಕೆಮ್ಮಿಗೆ ಬೇರೆ ದಿನ ಬನ್ನಿ” ಎಂದರು. ಬೇರೆ ದಿನದವರೆಗೂ ಬಸ್ಸುಗಳು ಕಾಯುತ್ತವೆಯೇ? ಅತ್ತಿಗೆ ಓಣಿ ದಾಟಿ ಪಶ್ಚಿಮದ ಗಿಡಮೂಲಿಕೆ ವಿಭಾಗಕ್ಕೆ ಹೋದರು. ಅಲ್ಲಿನ ವೈದ್ಯರು ಒಳ್ಳೆಯವರು. ಇದನ್ನು ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ, ಈ ಪತ್ರದಲ್ಲಿ ಅದು ಅಪರೂಪ, ಗಮನಿಸಿ. ಹದಿನೈದು ನಿಮಿಷ ಕೂರಿಸಿಕೊಂಡು ಮಾತಾಡಿಸಿ, ಗಂಟಲು ನೋಡಿ, ಹಸಿರು ಚೀಟಿಯಲ್ಲಿ ಜ್ಯೇಷ್ಠಮಧುವಿನ ಬೇರು ಬರೆದುಕೊಟ್ಟರು. ದಿನಕ್ಕೆ ಮೂರು ಸಲ ಚೂರು ಅಗಿದು ರಸ ನುಂಗಬೇಕು. ಅತ್ತಿಗೆ ತಮ್ಮ ಬಿಳಿ ಚೀಟಿಯನ್ನೂ ತೋರಿಸಲು ಚೀಲಕ್ಕೆ ಕೈ ಹಾಕಿದರು. ಕೌಂಟರಿನವನು ಹೌಹಾರಿ ಗೋಡೆಯ ಕಡೆ ಬೆರಳು ಮಾಡಿದ.

“ಒಳಗಿಡಿ, ಒಳಗಿಡಿ! ಓದೋಕೆ ಬರಲ್ವಾ?”

ಗೋಡೆಯ ಮೇಲೆ ನಿಮ್ಮದೇ ಸಹಿಯ ಸೂಚನೆ: ‘ಒಂದು ವಿಭಾಗದ ಚೀಟಿಯನ್ನು ಇನ್ನೊಂದು ವಿಭಾಗದಲ್ಲಿ ತೋರಿಸಬಾರದು. ಚೀಟಿಗಳು ಅದಲುಬದಲಾಗುವ ಸಂಭವವಿದೆ.’ ಚೀಟಿಗಳ ಯೋಗಕ್ಷೇಮದ ಬಗ್ಗೆ ಎಂಥ ಕಾಳಜಿ! ಆ ಕಾಳಜಿಯ ಕಾಲು ಭಾಗ ಚೀಟಿ ಹಿಡಿದವಳ ಮೇಲಿದ್ದರೆ ನಾನು ಈ ಹೊತ್ತು ನೆಮ್ಮದಿಯಾಗಿ ನನ್ನ ಕಿಟಕಿಯಲ್ಲಿ ಕೂತು ಯಾರೋ ಬಿಟ್ಟುಹೋದ ಛತ್ರಿಗೆ ಚೀಟಿ ಅಂಟಿಸುತ್ತಿದ್ದೆ.

ಬೇರಿನಿಂದ ಗಂಟಲು ತಂಪಾಯಿತು. ಅದೇ ಎಡವಟ್ಟಾಯಿತು. ಒಳ್ಳೆಯದಾದರೆ ಇನ್ನಷ್ಟು ಒಳ್ಳೆಯದಾಗಲಿ ಎನ್ನುವುದು ನಮ್ಮ ಮನೆತನದ ದೌರ್ಬಲ್ಯ. ಮೂರು ಚೂರು ಆರಾಯಿತು, ಆರು ಹತ್ತಾಯಿತು, ಕೊನೆಗೆ ಅತ್ತಿಗೆಯ ದವಡೆಯಲ್ಲಿ ಬೇರಿಲ್ಲದ ಗಳಿಗೆಯೇ ಇಲ್ಲವಾಯಿತು. ಮುಂದಿನ ತಿಂಗಳು ಪೂರ್ವದಲ್ಲಿ ನೋಡಿದರೆ ಒತ್ತಡ ಇಳಿಯುವ ಬದಲು ಏರಿದೆ. ಮಾತ್ರೆ ದುಪ್ಪಟ್ಟು ಮಾಡಿದರು, ಜೊತೆಗೆ ಮೈಯ ನೀರು ಇಳಿಸುವ ಇನ್ನೊಂದು ಮಾತ್ರೆ. ಮಾತ್ರೆ ಹೆಚ್ಚಾದಂತೆ ಕೆಮ್ಮು ಹೆಚ್ಚಿತು. ಕೆಮ್ಮು ಹೆಚ್ಚಾದಂತೆ ಬೇರು ಹೆಚ್ಚಿತು. ಬೇರು ಹೆಚ್ಚಾದಂತೆ ಒತ್ತಡ ಹೆಚ್ಚಿತು. ಆಮೇಲೆ ಕಾಲಿನ ಮೀನಖಂಡ ಹಿಡಿದುಕೊಳ್ಳತೊಡಗಿತು. ಅದಕ್ಕೆ ಪಶ್ಚಿಮದಲ್ಲಿ ಒಂದು ಚೂರ್ಣ ಕೊಟ್ಟರು. ಚೂರ್ಣದಲ್ಲಿ ಏನಿತ್ತು ಗೊತ್ತೇ? ಅದೇ ಬೇರು, ನುಣ್ಣಗೆ ಪುಡಿಮಾಡಿದ್ದು! ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ನೊಗಕ್ಕೆ ಸಿಕ್ಕಿದ್ದು ಮಾತ್ರ ನಮ್ಮ ಅತ್ತಿಗೆಯ ಮೈ.

ನನಗೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಕೇಳಿದೆ ಕೂಡ.

“ಅತ್ತಿಗೇ, ಅದನ್ನೂ ಇದನ್ನೂ ಒಟ್ಟಿಗೆ ತಗೋಬಹುದಾ ಅಂತ ಯಾರನ್ನಾದ್ರೂ ಕೇಳಿದ್ರಾ?”

“ಒಟ್ಟಿಗೆ ಯಾರು ತಗೋತಾರೆ? ಎಂಟಕ್ಕೆ ಮಾತ್ರೆ, ಎಂಟೂವರೆಗೆ ಬೇರು. ಮಧ್ಯೆ ಅರ್ಧ ಗಂಟೆ ಬಿಟ್ಟಿದೀನಿ. ಇಪ್ಪತ್ತೆರಡು ವರ್ಷದಲ್ಲಿ ನಾನು ಹೇಳಿದ ಪ್ಲಾಟ್‌ಫಾರ್ಮಲ್ಲಿ ಒಂದು ಬಸ್ಸು ಇನ್ನೊಂದಕ್ಕೆ ಗುದ್ದಿದೆಯೇನೇ?”

“ಗುದ್ದಿಲ್ಲ.”

“ಮತ್ತೆ? ಸುಮ್ನೆ ಹೋಗಿ ನಿನ್ನ ಛತ್ರಿ ಎಣಿಸ್ಕೋ.”

ನೋಡಿ, ಎಲ್ಲರೂ ಔಷಧಿ ಮರೆತು ಕಾಯಿಲೆ ಬೀಳುತ್ತಾರೆ. ನಮ್ಮ ಅತ್ತಿಗೆ ಒಂದು ನಿಮಿಷವೂ ತಪ್ಪದೆ, ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿ, ಎರಡೂ ವಿಭಾಗದ ಆಜ್ಞೆಗಳನ್ನು ಶಿರಸಾ ಪಾಲಿಸಿ ಕಾಯಿಲೆ ಬಿದ್ದರು. ಅರ್ಧ ಗಂಟೆ ಅಂತರವಿಟ್ಟರೆ ಡಿಕ್ಕಿಯಾಗುವುದಿಲ್ಲ ಎನ್ನುವುದು ಬಸ್ಸಿನ ಮಟ್ಟಿಗೆ ನಿಜ. ಹೊಟ್ಟೆಯ ಮಟ್ಟಿಗೆ ಅದು ಸುಳ್ಳೆಂದು ಹೇಳಬೇಕಾಗಿದ್ದವರು ಯಾರು? ಕುರ್ಚಿಯ ಮೇಲಿನ ಆ ಕೋಟೇ?

ಅದೊಂದು ಮಂಗಳವಾರ ಬೆಳಿಗ್ಗೆ ಧ್ವನಿವರ್ಧಕದಲ್ಲಿ “ಹತ್ತು ಹತ್ತರ ಬಸ್ಸು ನಾಲ್ಕನೇ ಪ್ಲಾಟ್‌ಫಾರ್ಮಿಗೆ” ಎಂದು ಕೇಳಿಸಿತು. ಆಮೇಲೆ ಧೊಪ್ಪೆಂಬ ಸದ್ದು. ಆಮೇಲೆ ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ, “ಯಾರಾದ್ರೂ ಬನ್ರೋ, ಏಳೋಕೆ ಆಗ್ತಿಲ್ಲ!” ನಾನು ಕಿಟಕಿ ಹಾಕಿ ಓಡುವಷ್ಟರಲ್ಲಿ ಒಬ್ಬ ಪ್ರಯಾಣಿಕ ಅಡ್ಡ ಬಂದು, “ಏಳೋಕೆ ಆಗದಿರೋದು ಯಾವ ಬಸ್ಸು ಮೇಡಂ? ನಾಲ್ಕರದ್ದಾ?” ಎಂದ. ಆ ದಿನ ನಾನು ಅವನಿಗೆ ಕೊಟ್ಟ ಉತ್ತರವನ್ನು ಬಹಿರಂಗ ಪತ್ರದಲ್ಲಿ ಬರೆಯಲಾಗದು.

ಆಸ್ಪತ್ರೆಯಲ್ಲಿ ಡಾಕ್ಟರು ನಿಯಮದಂತೆ ಕೇಳಿದರು: “ಬೇರೆ ಏನಾದ್ರೂ ಔಷಧಿ ತಗೋತಿದೀರಾ?” ಅತ್ತಿಗೆ ಪ್ರಾಮಾಣಿಕವಾಗಿ “ಇಲ್ಲ” ಎಂದರು. ಯಾಕೆಂದರೆ ಅವರ ಲೆಕ್ಕದಲ್ಲಿ ಔಷಧಿ ಎಂದರೆ ಕಹಿ, ಇದು ಸಿಹಿ. ಔಷಧಿ ಎಂದರೆ ಡಬ್ಬಿಯಲ್ಲಿರುವುದು. ಇದು ಸೆರಗಿನ ಗಂಟಿನಲ್ಲಿತ್ತು. ಅಲ್ಲದೆ ನಿಮ್ಮ ಪಶ್ಚಿಮದ ಬಾಗಿಲ ಮೇಲೆಯೇ ‘ಪ್ರಕೃತಿದತ್ತ, ಆದ್ದರಿಂದ ನಿರಪಾಯ’ ಎಂದು ದೊಡ್ಡಕ್ಷರದಲ್ಲಿ ಬರೆಸಿದ್ದೀರಿ. ಮಹಾನುಭಾವರೇ, ಹಾವೂ ಪ್ರಕೃತಿದತ್ತವೇ. ಯಾರೂ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುವುದಿಲ್ಲ. ಒಂದು ಬೇರಿಗೆ ಕೆಮ್ಮನ್ನು ಶಮನ ಮಾಡುವಷ್ಟು ಶಕ್ತಿ ಇದ್ದರೆ ಇನ್ನೊಂದು ಕೆಲಸ ಕೆಡಿಸುವಷ್ಟು ಶಕ್ತಿಯೂ ಇರಬೇಕಲ್ಲವೇ? ಔಷಧಿ ಎಂದು ಒಪ್ಪಿಕೊಳ್ಳುವುದಾದರೆ ಔಷಧಿಗೆ ಕೊಡುವ ಭಯಭಕ್ತಿಯನ್ನೂ ಕೊಡಿ. ಅದೇ ಆ ಬೇರಿಗೆ ಮಾಡುವ ಮರ್ಯಾದೆ.

ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ತಳ ಕಂಡಿತ್ತು, ಎದೆಬಡಿತ ತಾಳ ತಪ್ಪಿತ್ತು. ಕಾರಣ ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ವಾರ್ಡಿನ ಹಿರಿಯ ನರ್ಸ್ ಒಬ್ಬರಿಗೆ. ಎಲ್ಲರೂ ಅವರನ್ನು ‘ಗುಂಡುಸೂಜಿ ಸಿಸ್ಟರ್’ ಎನ್ನುತ್ತಾರೆ. ಕಂಡ ಕಾಗದಗಳನ್ನೆಲ್ಲ ಒಟ್ಟಿಗೆ ಚುಚ್ಚಿಡುವುದು ಅವರ ಚಾಳಿ. ಅವರು ಅತ್ತಿಗೆಯ ಚೀಲವನ್ನು ಹಾಸಿಗೆಯ ಮೇಲೆ ಸುರಿದರು, ಸೆರಗಿನ ಗಂಟು ಬಿಚ್ಚಿಸಿದರು, ಬಿಳಿ ಚೀಟಿಗೂ ಹಸಿರು ಚೀಟಿಗೂ ಸೇರಿಸಿ ಒಂದು ಗುಂಡುಸೂಜಿ ಚುಚ್ಚಿದರು, ಎರಡನ್ನೂ ಒಂದಾದ ಮೇಲೊಂದು ಓದಿದರು. ನಿಮ್ಮ ಆಸ್ಪತ್ರೆಯ ಚರಿತ್ರೆಯಲ್ಲಿ ಇದು ಮೊದಲ ಸಲವಂತೆ.

“ಅಯ್ಯೋ ತಾಯಿ, ಇದನ್ನ ಎಷ್ಟು ದಿನದಿಂದ ಅಗೀತಿದೀರಾ?”

“ನಾಲ್ಕು ತಿಂಗಳು. ಯಾಕೆ, ಅದು ಬರೀ ಬೇರು ತಾನೇ?”

“ಬರೀ ಬೇರಾ? ಈ ಬೇರು ಅತಿಯಾದ್ರೆ ಬಿ.ಪಿ. ಏರಿಸತ್ತೆ, ಮೈಯಲ್ಲಿರೋ ಪೊಟ್ಯಾಸಿಯಂನ ಹೊರಗೆ ಹಾಕತ್ತೆ. ಆ ನೀರಿನ ಮಾತ್ರೆನೂ ಅದನ್ನೇ ಹೊರಗೆ ಹಾಕತ್ತೆ. ಇಬ್ಬರೂ ಸೇರ್ಕೊಂಡು ನಿಮ್ಮ ಮನೆ ಗುಡಿಸಿ ಖಾಲಿ ಮಾಡಿದಾರೆ. ಇನ್ನು ಆ ಕೆಮ್ಮು, ಅದು ನಿಮ್ಮ ಮೊದಲನೇ ಬಿ.ಪಿ. ಮಾತ್ರೆದೇ ಇರಬೇಕು. ಕೆಲವರಿಗೆ ಹಾಗಾಗತ್ತೆ. ಡಾಕ್ಟರು ಗಮನಿಸಿದ್ರೆ ಬದಲಾಯಿಸ್ತಿದ್ರಪ್ಪ.”

“ನಾನು ಅರ್ಧ ಗಂಟೆ ಅಂತರ ಇಟ್ಟಿದ್ದೆ ಸಿಸ್ಟರ್!”

“ರಕ್ತದಲ್ಲಿ ಪ್ಲಾಟ್‌ಫಾರ್ಮ್ ಇರಲ್ಲಮ್ಮಾ. ಬಂದ ಬಸ್ಸೆಲ್ಲ ದಿನಗಟ್ಟಲೆ ಅಲ್ಲೇ ನಿಂತಿರತ್ತೆ.”

ಪಕ್ಕದಲ್ಲಿದ್ದ ನನ್ನ ಅಣ್ಣನಿಗೆ, ಅಂದರೆ ಅತ್ತಿಗೆಯ ಯಜಮಾನರಿಗೆ, ಆವೇಶ ಬಂತು. “ಎಲ್ಲಾ ತೆಗೆದು ಕಸದ ಬುಟ್ಟಿಗೆ ಹಾಕ್ತೀನಿ, ಮಾತ್ರೆನೂ ಬೇಡ, ಬೇರೂ ಬೇಡ” ಎಂದು ಎದ್ದರು. ಸಿಸ್ಟರ್ ಅವರ ಕೈಗೆ ಒಂದೇಟು ಕೊಟ್ಟು ಕೂರಿಸಿದರು. “ಮಾತ್ರೆನ ನೀವಾಗೇ ನಿಲ್ಲಿಸಿದ್ರೆ ಅದಿನ್ನೊಂದು ಗಂಡಾಂತರ. ಹಾಕೋದು, ತೆಗೆಯೋದು ಎರಡೂ ಡಾಕ್ಟರನ್ನ ಕೇಳಿನೇ.” ಈ ಪತ್ರ ಓದುತ್ತಿರುವ ಬೇರೆ ಅಣ್ಣಂದಿರೂ ದಯವಿಟ್ಟು ಕೂತುಕೊಳ್ಳಿ. ನಾನು ಯಾವ ಔಷಧಿಯನ್ನೂ ಬಿಡಲು ಹೇಳುತ್ತಿಲ್ಲ. ಎಲ್ಲವನ್ನೂ ಒಬ್ಬರ ಮುಂದೆ ಒಟ್ಟಿಗೆ ಹರಡಿ ಎನ್ನುತ್ತಿದ್ದೇನೆ, ಅಷ್ಟೆ.

ಡಾಕ್ಟರು ಬೇರು ನಿಲ್ಲಿಸಿದರು, ಬಿ.ಪಿ.ಗೆ ಬೇರೆ ಜಾತಿಯ ಮಾತ್ರೆ ಕೊಟ್ಟರು. ಮೂರು ವಾರದಲ್ಲಿ ಕೆಮ್ಮು ಮಾಯ, ಒತ್ತಡ ಹತೋಟಿಯಲ್ಲಿ, ಕಾಲು ನೆಟ್ಟಗೆ. ಅತ್ತಿಗೆ ಈಗ ಅಡುಗೆಮನೆಯಿಂದ ಬಸ್ಸು ಕೂಗುತ್ತಿದ್ದಾರೆ. ಪಕ್ಕದ ಮನೆಯವರು ಪ್ರಯಾಣ ಹೊರಡುವುದೊಂದು ಬಾಕಿ. ಕತೆ ಇಲ್ಲಿಗೆ ಸುಖಾಂತವಾಗಬೇಕಿತ್ತು. ಆದರೆ ನಿಮ್ಮ ಆಡಳಿತ ಬದುಕಿದೆಯಲ್ಲ!

ಪ್ರಮಾಣಪತ್ರ ಕೇಳಲು ಪೂರ್ವಕ್ಕೆ ಹೋದೆವು. “ಬಿದ್ದಿದ್ದಕ್ಕೆ ಕಾರಣ ಬೇರು. ಅದು ನಮ್ಮ ವಿಭಾಗದ್ದಲ್ಲ. ಇನ್ನು ತೊಂದರೆ ಇಲ್ಲ ಅಂತ ಅವರು ಬರೆದುಕೊಡಲಿ, ಆಮೇಲೆ ನಾವು.” ಪಶ್ಚಿಮಕ್ಕೆ ಹೋದೆವು. “ಬರೀ ಬೇರು ಇದ್ದಿದ್ರೆ ಹೀಗಾಗ್ತಿರಲಿಲ್ಲ. ಬೀಳಿಸಿದ್ದು ನೀರಿನ ಮಾತ್ರೆ. ಮೊದಲು ಅವರು ಬರೆಯಲಿ.” ಹೀಗೆ ಆರು ಸಲ. ಕಾಯಿಲೆ ತರಿಸುವಾಗ ಇವರಿಬ್ಬರ ನಡುವೆ ಎಂಥ ಹೊಂದಾಣಿಕೆ ಇತ್ತು! ವಾಸಿಯಾಗಿದೆ ಎಂದು ಬರೆಯಲು ಮಾತ್ರ ಮುಖ ಕಂಡರಾಗುವುದಿಲ್ಲ.

ಇನ್ನು ಗುಂಡುಸೂಜಿ ಸಿಸ್ಟರಿಗೆ ನೀವು ಏನು ಬಹುಮಾನ ಕೊಟ್ಟಿರಿ? ಒಂದು ಮೆಮೊ. ‘ಭಿನ್ನ ವಿಭಾಗಗಳ ಚೀಟಿಗಳನ್ನು ಅನುಮತಿಯಿಲ್ಲದೆ ಒಂದಕ್ಕೊಂದು ಚುಚ್ಚಿ ದಾಖಲೆಗಳಿಗೆ ರಂಧ್ರ ಉಂಟುಮಾಡಿರುವ’ ಬಗ್ಗೆ ವಿವರಣೆ ಕೇಳಿದ್ದೀರಿ. ರಂಧ್ರ! ಒಬ್ಬ ಹೆಂಗಸಿನ ಎದೆಬಡಿತ ನಿಲ್ಲುವುದರಲ್ಲಿತ್ತು, ನಿಮ್ಮ ಕಣ್ಣಿಗೆ ಬಿದ್ದದ್ದು ಕಾಗದದಲ್ಲಿನ ತೂತು. ನಿಮ್ಮ ವ್ಯವಸ್ಥೆಯಲ್ಲಿರುವ ತೂತಿನೊಳಗೆ ಎರಡು ಬಸ್ಸು ಅಕ್ಕಪಕ್ಕ ಹೋಗುತ್ತವೆ. ಅದಕ್ಕೆ ಮೆಮೊ ಕೊಡುವವರು ಯಾರು?

ಆದ್ದರಿಂದ ಬೇಡಿಕೊಳ್ಳುತ್ತಿಲ್ಲ, ಹಕ್ಕಿನಿಂದ ಕೇಳುತ್ತಿದ್ದೇವೆ. ಆ ಮೆಮೊವನ್ನು ಹಿಂದಕ್ಕೆ ತೆಗೆದುಕೊಳ್ಳಿ, ಸಾಧ್ಯವಾದರೆ ನಾಚಿಕೆಯಿಂದ. ಎರಡೂ ಕಡೆಯವರು ಬರೆಯುವ, ಎರಡೂ ಕಡೆಯವರು ಓದಲೇಬೇಕಾದ ಒಂದೇ ಚೀಟಿ ತನ್ನಿ. “ಬೇರೆ ಔಷಧಿ ಇದೆಯಾ” ಎಂದು ಕೇಳಿ ಕೈತೊಳೆದುಕೊಳ್ಳದೆ, ಬೇರು, ಸೊಪ್ಪು, ಪುಡಿ, ಕಷಾಯ, ಎಣ್ಣೆ ಎಂದು ಹೆಸರು ಹಿಡಿದು ಕೇಳಲು ಪ್ರತಿ ಕೌಂಟರಿಗೂ ಆಜ್ಞೆ ಹೊರಡಿಸಿ. ಕೋಟಿನೊಳಕ್ಕೆ ಒಬ್ಬ ಮನುಷ್ಯರನ್ನು ಹಾಕಿ. ಎಲ್ಲಕ್ಕಿಂತ ಮೊದಲು, ನಿಮ್ಮ ಇಬ್ಬರು ವೈದ್ಯರನ್ನು ಒಂದೇ ಮೇಜಿನ ಮುಂದೆ ಕೂರಿಸಿ, ಒಂದೇ ಹಾಳೆಯ ಮೇಲೆ ಅತ್ತಿಗೆಯ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿ. ಬೇಕಾದರೆ ಸಹಿಗಳ ನಡುವೆ ಅರ್ಧ ಗಂಟೆ ಅಂತರವಿರಲಿ, ನಮ್ಮ ಅಭ್ಯಂತರವಿಲ್ಲ.

ಶನಿವಾರ ಪೆಟ್ಟಿಗೆ ಬರುತ್ತದೆ. ಅದಕ್ಕೆ ಮೊದಲು ನಾವು ಬರುತ್ತೇವೆ. ಸಂಘದ ಮುಂದಿನ ಸಭೆ ನಿಲ್ದಾಣದಲ್ಲಲ್ಲ, ನಿಮ್ಮ ಎರಡು ವಿಭಾಗಗಳ ನಡುವಿನ ಓಣಿಯಲ್ಲಿ. ಎರಡೂ ಚೀಟಿ ಇರುವ ರೋಗಿಗಳೆಲ್ಲ ಎರಡನ್ನೂ ಹಿಡಿದು ಬರಬೇಕೆಂದು ಈ ಮೂಲಕ ಕರೆ ಕೊಡುತ್ತಿದ್ದೇವೆ. ಪ್ರತಿಯೊಬ್ಬರ ಎರಡು ಚೀಟಿಗಳನ್ನೂ ಅತ್ತಿಗೆ ಒಂದಾದ ಮೇಲೊಂದು ಗಟ್ಟಿಯಾಗಿ ಓದುತ್ತಾರೆ. ಮೈಕ್ ತರುವುದಿಲ್ಲ, ಅವರಿಗೆ ಅದರ ಅಗತ್ಯವೂ ಇಲ್ಲ. ಮೂರನೇ ಮಹಡಿಯ ನಿಮ್ಮ ಕೋಣೆಯ ಕಿಟಕಿ ಮುಚ್ಚಿದ್ದರೂ ಕೇಳಿಸುತ್ತದೆ. ಆ ಕಂಠಕ್ಕೆ ಪ್ರಮಾಣಪತ್ರ ಬೇಕೋ ಬೇಡವೋ ಆಗ ನೀವೇ ಕಿವಿಯಾರೆ ಕೇಳಿ ತೀರ್ಮಾನಿಸಿ, ಪೆನ್ನು ಹಿಡಿದು ಕೆಳಗಿಳಿದು ಬನ್ನಿ. ಇದೇ ಗುರುವಾರ, ಬೆಳಿಗ್ಗೆ ಸರಿಯಾಗಿ ಹನ್ನೊಂದು ಗಂಟೆಗೆ.

ಇಂತಿ, ವಿಧೇಯಳಾಗಿದ್ದು ಸಾಕಾಗಿಹೋದ,
ಬಿಟ್ಟುಹೋದ ಸಾಮಾನುಗಳ ಕಿಟಕಿಯ ಗುಮಾಸ್ತೆ, ಸಂಘದ ಸಹಕಾರ್ಯದರ್ಶಿ,
ಮತ್ತು ಎರಡನೇ ಕಟ್ಟು ಜ್ಯೇಷ್ಠಮಧುವನ್ನು ನಿಮ್ಮದೇ ಸರದಿ ಸಾಲಿನಲ್ಲಿ ಎರಡು ಗಂಟೆ ನಿಂತು ಪ್ರೀತಿಯಿಂದ ತಂದುಕೊಟ್ಟ ನಾದಿನಿ