ಫರ್ಗಸನ ಟೋಪಿಯ ಒಳಪಟ್ಟಿ

ಐರ್‌ಷೈರ್ ಕರಾವಳಿ, ಸ್ಕಾಟ್ಲೆಂಡ್
೧೩ ಮಾರ್ಚ್ ೧೯೧೭

೧. ಬರೆಯುವವನು: ಆರ್ಚಿಬಾಲ್ಡ್ ಗೆಮ್ಮೆಲ್, ವಯಸ್ಸು ಅರವತ್ತೆಂಟು, ಡೈನಮೈಟ್ ಕಾರ್ಖಾನೆಯ ನಿವೃತ್ತ ಮೇಸ್ತ್ರಿ, ಚರ್ಚಿನ ಹಿರಿಯ.
೨. ಓದತಕ್ಕವಳು: ಮಗಳು ಎಲ್‌ಸ್ಪೆತ್, ದಕ್ಷಿಣದ ಹೊಸ ಕಾರ್ಖಾನೆಯಲ್ಲಿ ಸಿಡಿಮದ್ದಿನ ಹಿಟ್ಟು ನಾದುವವಳು.
೩. ವಿಷಯ: ಆಕೆಯ ಎದೆನೋವು.

ಪ್ರೀತಿಯ ಮಗಳೇ,

ಆರೋಗ್ಯ ವಿಚಾರಿಸಿ ಆಮೇಲೆ ಸುದ್ದಿ ಬರೆಯುವುದು ವಾಡಿಕೆ. ಈ ಸಲ ಆರೋಗ್ಯವೇ ಸುದ್ದಿ. "ಭಾನುವಾರ ರಜಾ ಬಂದ್ರೆ ಎದೆ ಹಿಂಡತ್ತೆ ಅಪ್ಪಾ, ಸೋಮವಾರ ಹಿಟ್ಟು ಮುಟ್ಟಿದ್ರೆ ಸರಿಹೋಗತ್ತೆ" ಎಂದು ನೀನು ಹಗುರವಾಗಿ ಬರೆದಿದ್ದೀಯೆ. ನನಗೆ ಅದನ್ನು ಹಗುರವಾಗಿ ಓದಲಾಗಲಿಲ್ಲ. ನಾನು ಅರ್ಜಿಯ ಕಾಗದ ತೆಗೆದದ್ದನ್ನು ಕಂಡು ನಿನ್ನಮ್ಮ, "ಮಗಳಿಗೂ ಅರ್ಜಿನಾ? ಇನ್ನು ಊಟ ಬಡಿಸು ಅನ್ನೋಕೂ ಒಂದು ಗುಜರಾಯಿಸ್ತೀರೋ ಏನೋ" ಎಂದಳು.

ನಮ್ಮ ಕಾರ್ಖಾನೆಯ ಸಿಡಿಯುವ ಎಣ್ಣೆ, ಆ ನೈಟ್ರೋಗ್ಲಿಸರಿನ್, ಬೆಟ್ಟ ಸೀಳಿ ರೈಲಿಗೆ ಸುರಂಗ ಮಾಡಿತು, ಬಂದರುಗಳ ಬಂಡೆ ಒಡೆಯಿತು ಎಂದು ನಿನ್ನನ್ನೂ ನಿನ್ನಣ್ಣನನ್ನೂ ಮಡಿಲಲ್ಲಿ ಕೂರಿಸಿಕೊಂಡು ಹೇಳುತ್ತಿದ್ದೆ. ಅದೇ ಎಣ್ಣೆ ಈಗ ಫ್ರಾನ್ಸಿನಲ್ಲಿ ಯಾರ ಯಾರ ಮಕ್ಕಳನ್ನೋ ಸೀಳುತ್ತಿದೆ. ನೀನು ನಾದುವ ಹಿಟ್ಟಿನಲ್ಲಿರುವುದೂ ಅದೇ. ಮೈಗೆ ಒಗ್ಗಿದ ಮೇಲೆ ಅದು ಒಂದು ದಿನ ತಪ್ಪಿದರೂ ದೇಹ ನರಳುತ್ತದೆ. ಆದಕಾರಣ ನಮ್ಮ ಕಾರ್ಖಾನೆಯಲ್ಲೇ ದುಡಿಯುತ್ತಿದ್ದ ನಿನ್ನಣ್ಣ ಫರ್ಗಸ್, ಜೊತೆಯವರಂತೆಯೇ, ಶನಿವಾರ ಟೋಪಿಯ ಒಳಪಟ್ಟಿಗೆ ಚಿಟಿಕೆ ಸಿಡಿಮದ್ದು ಸವರಿಕೊಂಡು ಬರುತ್ತಿದ್ದನು.

ಎಂಟು ವರ್ಷದ ಹಿಂದೆ, ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿ ಹಂಚುವ ಭಾನುವಾರ, ನಾನು ಆ ಪಟ್ಟಿಯನ್ನು ಕತ್ತರಿಸಿ ತೆಗೆದೆ. "ದೇವರ ಸನ್ನಿಧಿಗೆ ಮದ್ದು ಹೊತ್ಕೊಂಡು ಬರ್ತೀಯೇನೋ?" ಎಂದೆ. "ನಾಳೆ ತಲೆ ಸೀಳಿಹೋಗತ್ತೆ ಅಪ್ಪಾ. ನನ್ನ ಪಾಳಿಗೆ ನೀವೇ ಹೋಗ್ಬನ್ನಿ" ಎಂದು ನಕ್ಕನು. ಸೋಮವಾರ ಬೆಳಗ್ಗೆ ಬೂಟಿನ ದಾರ ಕಟ್ಟುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದನು, ಮತ್ತೆ ಏಳಲಿಲ್ಲ. ನಿನ್ನಮ್ಮನ ತವರಿನ ಕಡೆಯಿಂದ ಬಂದ ದುರ್ಬಲ ಹೃದಯವೆಂದು ಎಂಟು ವರ್ಷ ಎಲ್ಲರಿಗೂ ಹೇಳಿದೆ. ಅವಳಿಗೂ ಹೇಳಿದೆ.

ನೀನು ಒಮ್ಮೆಗೇ ಕೆಲಸ ಬಿಡಬೇಡ. ಅಡಕದ ಅರ್ಜಿಯನ್ನು ನಿಮ್ಮ ಕಾರ್ಖಾನೆಯ ವೈದ್ಯರಿಗೆ ಕೊಡು. ಹಿಟ್ಟು ಮುಟ್ಟುವುದನ್ನು ದಿನಕ್ಕಿಷ್ಟೆಂದು ಕಡಿಮೆ ಮಾಡುತ್ತ, ತಮ್ಮ ಕಣ್ಣೆದುರೇ ನಿನ್ನನ್ನು ಬಿಡಿಸಬೇಕೆಂದು ಕೋರಿದ್ದೇನೆ. ಹುಡುಗಿಯ ಮಾತೆಂದು ಅವರು ತಳ್ಳಿಹಾಕದಿರಲೆಂದು, ಮೂರನೆಯ ಕಲಮಿನಲ್ಲಿ ಫರ್ಗಸನ ಸಾವಿನ ಕಾರಣವನ್ನೂ ಪಟ್ಟಿ ಕತ್ತರಿಸಿದವನ ಹೆಸರನ್ನೂ ನಮೂದಿಸಿದ್ದೇನೆ.

ದೇವರು ನಿನ್ನ ಎಲ್ಲ ಭಾನುವಾರಗಳನ್ನೂ ಕಾಯಲಿ.

ಹಿಂಬರಹ: ಮೂರನೆಯ ಕಲಮನ್ನು ಈಗಷ್ಟೇ ನಿನ್ನಮ್ಮನಿಗೆ ಓದಿ ಹೇಳಿದೆ. ಒರೆಸಿದ ಬಟ್ಟಲನ್ನೇ ಅವಳು ಬಹಳ ಹೊತ್ತು ಒರೆಸುತ್ತಿದ್ದಳು. ಆಮೇಲೆ ಲೇಖನಿ ಕೇಳಿದಳು. "ನಿಮ್ಮ ಜೊತೆ ಮಾತು ಆಮೇಲೆ. ಮೊದಲು ಟಪಾಲಿಗೆ ಹಾಕಿ ಬನ್ನಿ, ನಮಗೆ ಉಳಿದಿರೋಳು ಅವಳೊಬ್ಬಳೇ" ಎಂದಳು. ಕೋಟು ತೊಟ್ಟು ನಿಂತೇ ಇದನ್ನು ಬರೆಯುತ್ತಿದ್ದೇನೆ.

(ಸಹಿ) ಆರ್ಚಿಬಾಲ್ಡ್ ಗೆಮ್ಮೆಲ್, ನಿನ್ನ ತಂದೆ

ಅಡಕ: ಅರ್ಜಿ, ಒಂದು. ಮೂರನೆಯ ಕಲಮಿಗೆ ಸಾಕ್ಷಿಯ ರುಜು: ನಿನ್ನ ತಾಯಿಯದು.