ನಂಬರಿಲ್ಲದ ಸ್ಕೂಟರಿಗೆ ದಿನಾ ಚಾರ್ಜು ಹಾಕುವವನ ಅಹವಾಲು

ವಾಹನ ವಶ ಕಚೇರಿಯ ಮೇಲಧಿಕಾರಿಗಳಾದ ಮಾನ್ಯರೇ,

ತಮ್ಮ ಕಚೇರಿಯವರು ನನ್ನ ಎಲೆಕ್ಟ್ರಿಕ್ ಸ್ಕೂಟರನ್ನು ವಾಹನವೆಂದು ಎತ್ತಿಕೊಂಡು ಹೋದರು, ಈಗ ವಾಹನವಲ್ಲವೆಂದು ವಾಪಸ್ ಕೊಡುತ್ತಿಲ್ಲ. ನನ್ನ ದೂರು ಇಷ್ಟೇ. ತಮ್ಮ ಕೋಣೆಗೇ ಬಂದು ಹೇಳಬಹುದಿತ್ತು. ಆದರೆ ತಮ್ಮ ಬಾಗಿಲಾಚೆಯ ಬೆಂಚಿನ ಮೇಲೆ ಕೂತು ಕೂತು ನನ್ನ ಪ್ಯಾಂಟು ಹಿಂದುಗಡೆ ಮಿರಮಿರ ಮಿಂಚುತ್ತಿದೆಯೇ ಹೊರತು ಬಾಗಿಲು ತೆರೆದಿಲ್ಲ. ಹಾಗಾಗಿ ಊರಿಗೆಲ್ಲ ಕೇಳಿಸುವ ಹಾಗೆ ಬರೆಯುತ್ತಿದ್ದೇನೆ.

ನಾನು ಟೈಲರ್ ಅಂಗಡಿಗಳಿಗೆ ಜಿಪ್ಪು, ಗುಂಡಿ, ಹುಕ್ಕು, ದಾರ ಒದಗಿಸುವವನು. ಹೆಗಲ ಮೇಲೆ ಚೀಲ ಹೊತ್ತು ಶುರು ಮಾಡಿದವನು ಸೈಕಲ್ಲಿಗೆ ಬಂದು, ಹೋದ ವರ್ಷ ಈ ಸ್ಕೂಟರಿಗೆ ಬಡ್ತಿ ಪಡೆದೆ. ಅಂಗಡಿಯಲ್ಲಿದ್ದ ಅತಿ ಅಗ್ಗದ ಗಾಡಿ ಅದು. ಮಾರುವವನು, "ಲೈಸೆನ್ಸ್ ಬೇಡ ಸಾರ್, ನೋಂದಣಿ ಬೇಡ ಸಾರ್, ನಂಬರ್ ಪ್ಲೇಟ್ ಬೇಡ, ಪೆಟ್ರೋಲಂತೂ ಬೇಡವೇ ಬೇಡ" ಎಂದ. ಅವನು ಹೇಳಿದ ಬೇಡಗಳನ್ನೆಲ್ಲ ಮನಸ್ಸಿನಲ್ಲೇ ಕೂಡಿದೆ, ಲಾಭ ಕಂಡಿತು. ಆ ಪಟ್ಟಿಯಲ್ಲಿ ವೇಗವೂ ಸೇರಿತ್ತು ಅನ್ನುವುದು ಗಾಡಿ ಮನೆಗೆ ಬರುವ ದಾರಿಯಲ್ಲಿ ತಿಳಿಯಿತು. ಆದರೂ ದೂರುವ ಹಾಗಿಲ್ಲ. ಇಷ್ಟು ನಿಧಾನವಾಗಿ ಹೋಗುವ ಗಾಡಿಗೆ ನೋಂದಣಿ ಬೇಕಿಲ್ಲವೆಂದು ಕಾನೂನೇ ಹೇಳುತ್ತದೆ. ನಿಧಾನಕ್ಕೆ ಇಷ್ಟು ಮರ್ಯಾದೆ ತಮ್ಮ ಕಚೇರಿ ಬಿಟ್ಟರೆ ನನ್ನ ಸ್ಕೂಟರಿಗೇ ಸಿಕ್ಕಿರುವುದು.

ಮೊದಲ ದಿನ ನನ್ನ ಹೆಂಡತಿ ಹಿಂದೆ ಕೂತು ಬಂದಳು.

"ಏನ್ರೀ, ಹಾಲಿನವನ ಸೈಕಲ್ಲು ಮುಂದೆ ಹೋಯ್ತು."

"ಅವನಿಗೆ ಅವಸರ ಕಣೇ."

"ಎದುರುಮನೆ ತಾತ ವಾಕಿಂಗ್ ಹೊರಟಿದ್ರು, ಅವರೂ ಹೋದ್ರು. ಅವರಿಗೇನು ಅವಸರ?"

ಸೇತುವೆಯ ಏರು ಬಂದಾಗ ಅವಳು ಇಳಿದು ನಡೆದಳು. ನಾನು ಮೇಲೆ ತಲುಪುವ ಹೊತ್ತಿಗೆ ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಂಡು ಮುಗಿಸಿದ್ದಳು. ಸಂಜೆಯಾದರೆ ಬ್ಯಾಟರಿಯನ್ನು ಕಳಚಿ, ಎಳೆಕೂಸಿನ ಹಾಗೆ ತಬ್ಬಿಕೊಂಡು ಎರಡನೇ ಮಹಡಿಗೆ ಹತ್ತಬೇಕು. "ಮಗು ಮಲಗ್ತಾ?" ಎಂದು ಕೆಳಗಿನ ಮನೆಯವರು ದಿನಾ ಕೇಳುತ್ತಾರೆ. ಕೇಳಲಿ. ಜಿಪ್ಪಿನ ಡಬ್ಬಗಳನ್ನು ಕಾಲಿನ ಹತ್ತಿರ ಪೇರಿಸಿಕೊಂಡು ಗಲ್ಲಿಗಲ್ಲಿ ಸುತ್ತುವುದಕ್ಕೆ ಆ ಗಾಡಿ ಹೇಳಿ ಮಾಡಿಸಿದ ಹಾಗಿತ್ತು. ಒಂದು ದಿನವೂ ಕೈಕೊಟ್ಟಿರಲಿಲ್ಲ. ಕೈಕೊಟ್ಟದ್ದು ತಾವು.

ಅವತ್ತು ಮೂಲೆಯ ಟೈಲರಮ್ಮನ ಅಂಗಡಿಯ ಮುಂದೆ, ಎರಡು ಪೆಟ್ರೋಲ್ ಬೈಕುಗಳ ನಡುವೆ ಗಾಡಿ ನಿಲ್ಲಿಸಿ ಒಳಗೆ ಗುಂಡಿ ಎಣಿಸಿ ಕೊಡುತ್ತಿದ್ದೆ. ತಮ್ಮ ಲಾರಿ ಬಂತು. ಬೈಕುಗಳನ್ನು ಎತ್ತಲು ಸರಪಳಿ ಬೇಕು, ನನ್ನದನ್ನು ಒಬ್ಬನೇ ಎತ್ತಿಕೊಂಡ. ಅದೇ ಅದರ ತಪ್ಪಾಯಿತು. ಕಾರಣ ಕೇಳಿದರೆ, ನಂಬರ್ ಪ್ಲೇಟ್ ಇಲ್ಲ. ಆಮೇಲೆ ತಮ್ಮ ಕೌಂಟರಿನಲ್ಲಿ ಗುಮಾಸ್ತರ ಜೊತೆ ನಡೆದ ಸಂಭಾಷಣೆಯನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತೇನೆ.

"ನೋಂದಣಿ ಪತ್ರ ಕೊಡಿ."

"ಇದಕ್ಕೆ ಅದು ಇರಲ್ಲ ಸಾರ್."

"ಅದಿಲ್ಲದೆ ವಾಹನ ಬಿಡೋಕೆ ಬರಲ್ಲ."

"ಹಾಗಾದ್ರೆ ಒಂದು ಮಾಡಿಸಿಕೊಡಿ."

"ಇದು ವಾಹನವೇ ಅಲ್ವಲ್ರೀ, ನೋಂದಣಿ ಹೇಗೆ ಮಾಡೋದು?"

"ವಾಹನ ಅಲ್ಲ ಅಂದ್ಮೇಲೆ ಎತ್ಕೊಂಡು ಬಂದಿದ್ದು ಯಾಕೆ?"

"ವಾಹನ ನಿಲ್ಸೋ ಜಾಗದಲ್ಲಿ ನಿಲ್ಸಿದ್ರಲ್ಲ!"

ಮಾನ್ಯರೇ, ಆ ಜಾಗದಲ್ಲಿ ಅವತ್ತು ನಾನೇ ನಿಂತಿದ್ದರೆ ನನ್ನನ್ನೂ ಲಾರಿಗೆ ಹಾಕುತ್ತಿದ್ದರೇ? ನನಗೂ ನಂಬರ್ ಪ್ಲೇಟ್ ಇಲ್ಲ. ದಂಡ ಕಟ್ಟುತ್ತೇನೆ ಅಂದೆ. ದಂಡದ ರಸೀದಿಯಲ್ಲಿ ನಂಬರ್ ಬರೆಯುವ ಜಾಗ ಖಾಲಿ ಬಿಡುವ ಹಾಗಿಲ್ಲವಂತೆ. ದುಡ್ಡು ಹಿಡಿದು ನಿಂತವನನ್ನು ಬೇಡವೆಂದು ಕಳಿಸಿದ ಕಚೇರಿಯನ್ನು ನನ್ನ ಜೀವಮಾನದಲ್ಲಿ ಕಂಡದ್ದು ಇದೇ ಮೊದಲು. ಬೇರೆ ಸಂದರ್ಭದಲ್ಲಾಗಿದ್ದರೆ ಕೈಮುಗಿಯುತ್ತಿದ್ದೆ.

ನಾಲ್ಕಾರು ದಿನ ಬಿಟ್ಟು, ನಾನು ಬೆಳಗಿನ ತಿಂಡಿಗೆ ಕೂತಿದ್ದಾಗ ಗುಮಾಸ್ತರ ಫೋನು. "ಬೇಗ ಬನ್ನಿ, ನಿಮ್ಮ ಗಾಡಿ ವಿಷಯ." ತಟ್ಟೆ ಬಿಟ್ಟೆದ್ದು ಓಡಿದೆ. ಬಿಡುಗಡೆಯಾಯಿತೆಂದು ಹೆಂಡತಿಗೂ ಹೇಳಿಬಿಟ್ಟಿದ್ದೆ.

"ಚಾರ್ಜರ್ ತಂದ್ರಾ?" ಎಂದರು.

ವಿಷಯ ಏನಪ್ಪಾ ಅಂದರೆ, ವಶಪಡಿಸಿಕೊಂಡ ವಸ್ತುವನ್ನು ವಶಪಡಿಸಿಕೊಂಡಾಗ ಇದ್ದ ಸ್ಥಿತಿಯಲ್ಲೇ ಕಾಪಾಡಬೇಕೆಂಬುದು ತಮ್ಮ ನಿಯಮ. ಲಾರಿಗೆ ಹಾಕಿದವನು ಮಹಾ ಶಿಸ್ತಿನವನು, ಚೀಟಿಯಲ್ಲಿ "ಬ್ಯಾಟರಿ: ಮೂರು ಕಡ್ಡಿ" ಎಂದು ಬರೆದುಬಿಟ್ಟಿದ್ದ. ನಿಂತಲ್ಲೇ ನಿಂತು ಈಗ ಅದು ಎರಡು ಕಡ್ಡಿಗೆ ಇಳಿದಿದೆ. ತಪಾಸಣೆಯವರು ಬಂದರೆ ಒಂದು ಕಡ್ಡಿ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಗುಮಾಸ್ತರ ಮುಖ ನೋಡಿದರೆ, ಆ ಕಡ್ಡಿಯನ್ನು ಅವರೇ ಮನೆಗೆ ಒಯ್ದಿದ್ದಾರೇನೋ ಅನ್ನಿಸುತ್ತಿತ್ತು.

ಮರುಕ ಬಂತು, ಮನೆಗೆ ಹೋಗಿ ಚಾರ್ಜರ್ ತಂದು ಚಾರ್ಜು ಹಾಕಿದೆ. ಊಟದ ಹೊತ್ತಿಗೆ ನಾಲ್ಕು ಕಡ್ಡಿ ತುಂಬಿತು.

"ಅಯ್ಯೋ, ಮೂರು ಇರಬೇಕಿತ್ತು! ನಾಲ್ಕು ಮಾಡಿಟ್ರಲ್ರೀ!"

"ಒಂದು ಕಡ್ಡಿ ಹೆಚ್ಚಿದ್ರೆ ಏನಾಯ್ತು ಸಾರ್?"

"ವಶದಲ್ಲಿರೋ ವಸ್ತುವಿಗೆ ನೀವು ಹೆಚ್ಚುವರಿ ಸೇರಿಸಿದ ಹಾಗೆ ಆಯ್ತು. ಇಳಿಸಿ."

ಇಳಿಸಬೇಕಾದರೆ ಓಡಿಸಬೇಕು. ಓಡಿಸಲು ನನಗೆ ಅನುಮತಿಯಿಲ್ಲ, ಗಾಡಿ ವಶದಲ್ಲಿದೆ. ಕಡೆಗೆ ಗೇಟಿನ ಕಾವಲುಗಾರರನ್ನು ಕರೆದರು. ಅವರು ಕಚೇರಿಯ ಅಂಗಳದಲ್ಲಿ, ತುಕ್ಕು ಹಿಡಿದ ಕಾರುಗಳ ನಡುವೆ ಸುತ್ತು ಹೊಡೆಯತೊಡಗಿದರು. ಖುಷಿಯಾಗಿರಬೇಕು, ನಿಲ್ಲಿಸು ಎಂದು ಕೂಗಿದರೂ ಇನ್ನೊಂದು ಸುತ್ತು ಹೋದರು. ಕಡ್ಡಿ ಎರಡಕ್ಕೆ ಇಳಿಯಿತು. ಮತ್ತೆ ಚಾರ್ಜು. ಮತ್ತೆ ನಾಲ್ಕು. ಮತ್ತೆ ಸುತ್ತು. ಅಂದಿನಿಂದ ಬೆಳಗ್ಗೆ ಹೋಗಿ ಚಾರ್ಜು ಹಾಕುವುದು ನನ್ನ ಕೆಲಸ, ಹೆಚ್ಚಾದದ್ದನ್ನು ಇಳಿಸುವುದು ಕಾವಲುಗಾರರ ಕೆಲಸ, ಇಬ್ಬರನ್ನೂ ಬೈಯುವುದು ಗುಮಾಸ್ತರ ಕೆಲಸ. ಮೂರು ಜನಕ್ಕೆ ಉದ್ಯೋಗ ಕೊಟ್ಟ ಗಾಡಿ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ನಮ್ಮ ಮೂವರಲ್ಲಿ ಸಂಬಳವಿಲ್ಲದವನು ಯಾರೆಂದು ತಾವೇ ಊಹಿಸಿ.

ಇದೆಲ್ಲ ತಮಾಷೆಯೆಂದು ತಾವು ನಗಬಹುದು. ಟೈಲರಮ್ಮ ನಗುತ್ತಿಲ್ಲ. ಸೋಮವಾರ ಶಾಲೆ ಶುರು. ಒಂದಿಡೀ ಶಾಲೆಯ ಸಮವಸ್ತ್ರದ ಹೊಲಿಗೆ ಅವರ ಪಾಲಿಗೆ ಬಂದಿದೆ, ಬಂದದ್ದು ಇದೇ ಮೊದಲ ಸಲ. ಚಡ್ಡಿಗಳು ಹೊಲಿದು ಸಿದ್ಧವಾಗಿವೆ, ಜಿಪ್ಪಿಲ್ಲ. ಜಿಪ್ಪಿನ ಡಬ್ಬಗಳು ನನ್ನ ಮನೆಯಲ್ಲಿ ಗೋಡೆಯೆತ್ತರ ಕೂತಿವೆ. ಬೆಳಗೆಲ್ಲ ತಮ್ಮ ಅಂಗಳದಲ್ಲಿ ಕಳೆದು, ಮಧ್ಯಾಹ್ನ ಚೀಲದಲ್ಲಿ ಹೊತ್ತರೆ ಎಷ್ಟು ಹೊತ್ತೇನು? ನಿನ್ನೆ ಹೋದಾಗ ಅವರು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಅಣ್ಣಾ, ನಿಮ್ಮನ್ನೇ ನಂಬ್ಕೊಂಡು ಬೇರೆಯವರ ಹತ್ರ ತಗೊಳ್ಳಲಿಲ್ಲ. ಮಕ್ಕಳು ಮುಂದೆ ಕೈ ಅಡ್ಡ ಇಟ್ಕೊಂಡು ಪ್ರಾರ್ಥನೆಗೆ ನಿಲ್ಬೇಕಾ? ಆಮೇಲೆ ಆ ಶಾಲೆಯವರು ನನ್ನ ಬಾಗಿಲಿಗೆ ಬರ್ತಾರಾ?" ಎಂದರು. ಆ ಪ್ರಶ್ನೆಯನ್ನು ಹಾಗೇ ತಮಗೆ ತಂದಿದ್ದೇನೆ. ಉತ್ತರ ತಮ್ಮಲ್ಲಿದ್ದರೆ ಕೊಡಿ, ತಲುಪಿಸುತ್ತೇನೆ. ಅದು ಹಗುರ, ಹೊರಬಹುದು.

ನನ್ನ ಬೇಡಿಕೆ ಇದು. ಅದು ವಾಹನವಾದರೆ ದಂಡ ತೆಗೆದುಕೊಂಡು ಬಿಡಿ. ವಾಹನವಲ್ಲದಿದ್ದರೆ ದಂಡವಿಲ್ಲದೆ ಬಿಡಿ. ಎರಡೂ ಆಗದೆಂದು ತಾವು ಬರೆದು ಕೊಡುವವರೆಗೆ ಕಾಯುವಷ್ಟು ಪುರುಸೊತ್ತು ಆ ಚಡ್ಡಿಗಳಿಗಿಲ್ಲ.

ಇವತ್ತು ಕಾವಲುಗಾರರನ್ನು ಸುಮ್ಮನೆ ಕೇಳಿದೆ, ಗೇಟು ದಾಟುವವರಲ್ಲಿ ನೀವು ಏನು ನೋಡುತ್ತೀರಿ ಎಂದು. ನಂಬರ್ ನೋಡುತ್ತಾರಂತೆ, ಬಿಡುಗಡೆ ಚೀಟಿಗೆ ತಾಳೆ ಹಾಕುತ್ತಾರಂತೆ. "ನಂಬರಿಲ್ಲದ್ದು ಬಂದ್ರೆ?" ಅಂದೆ. "ನಂಬರಿಲ್ದೆ ಹೋಗೋರು ನಡ್ಕೊಂಡು ಹೋಗೋರಲ್ವಾ? ಅವರನ್ನ ನಾನ್ಯಾಕೆ ತಡೀಲಿ" ಎಂದರು.

ಆದಕಾರಣ ನಾಳೆ ಬೆಳಗ್ಗೆ ಚಾರ್ಜು ಮೂರು ಕಡ್ಡಿ ದಾಟಿದರೆ ಕಾವಲುಗಾರರಿಗೆ ತೊಂದರೆ ಕೊಡುವುದಿಲ್ಲ, ಇಳಿಸುವ ಸುತ್ತನ್ನು ನಾನೇ ಹೊಡೆಯುತ್ತೇನೆ. ಸುತ್ತು ಸ್ವಲ್ಪ ದೊಡ್ಡದು. ಗೇಟು ದಾಟಿ, ನನ್ನ ಮನೆಯ ಡಬ್ಬ ಹೇರಿಕೊಂಡು, ಟೈಲರಮ್ಮನ ಅಂಗಡಿ ಮುಟ್ಟುತ್ತದೆ. ತಡೆಯಬೇಕೆನ್ನಿಸಿದರೆ ತಾವು ಕುರ್ಚಿಯಿಂದ ಎದ್ದು, ಮೆಟ್ಟಿಲಿಳಿದು, ಆರಾಮಾಗಿ ನಡೆದು ಬನ್ನಿ. ಓಡುವ ಅಗತ್ಯವಿಲ್ಲ, ಸೇತುವೆಯ ಏರಿನಲ್ಲಿ ಖಂಡಿತ ಸಿಗುತ್ತೇನೆ. ಸಿಕ್ಕಿದ ಮೇಲೆ ಹಿಂದಿನಿಂದ ಸ್ವಲ್ಪ ತಳ್ಳಿ.

ಇಂತಿ,
ನಾಳೆ ತಮ್ಮ ಗೇಟನ್ನು ಪಾದಚಾರಿಯಾಗಿ ದಾಟಲಿರುವ,
ತಮ್ಮ ಕಚೇರಿಯ ಬಿಟ್ಟಿ ಚಾರ್ಜು ನೌಕರ