ಹೊರಸಿನಷ್ಟು ಬಿಸಿಲು

ಕಲಬುರಗಿ,
ಫೆಬ್ರುವರಿ ಮೂವತ್ತು, 2187

ಬಸಲಿಂಗವ್ವ ಆಯಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು ಭೌರಮ್ಮಳ ಶರಣು.

ನಿಮ್ಮ ಕಾಲದಲ್ಲಿ ಫೆಬ್ರುವರಿಗೆ ಮೂವತ್ತನೇ ದಿನ ಇರಲಿಲ್ಲ ಎಂದು ಕೇಳಿದ್ದೇನೆ. ನಮಗೆ ಇದೆ. ಹಿಂದಂಚೆ ಹೊರಡುವುದು ಆ ಒಂದೇ ದಿನ. ಹಿಂದಂಚೆ ಎಂದರೆ ಕಳೆದ ಕಾಲದವರಿಗೆ ಕಾಗದ ಒಯ್ಯುವ ಅಂಚೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ, ಆದರೂ ಅದರ ಮುಂದೆ ಸಾಲು ಉದ್ದವೇ ಇರುತ್ತದೆ. ತಿಳಿಯದ ಶಬ್ದ ಬಂದರೆ ಮನ್ನಿಸಿ. ನನಗೆ ಹೊತ್ತು ಕಡಿಮೆ ಇದೆ.

ನಗರದ ಬೆಳಕು ಮಂಡಳಿಯವರು ನಿಮ್ಮ ಮನೆಗೆ ಒಪ್ಪಂದದ ಕಾಗದ ತರುವವರಿದ್ದಾರೆ. ಮಾಳಿಗೆಯ ಮೇಲೆ ಬೀಳುವ ಬಿಸಿಲೆಲ್ಲ ಇನ್ನೂರು ವರ್ಷ ಮಂಡಳಿಗೆ ಎಂದು ಅದರಲ್ಲಿ ಇರುತ್ತದೆ. ನೀವು ಸಹಿ ಮಾಡಿದ್ದೀರಿ, ಪ್ರತಿ ನಮ್ಮ ಗೋಡೆಯ ಮೇಲಿದೆ. ಅದರಿಂದ ಕೆಟ್ಟದ್ದೇ ಆಯಿತು ಎಂದು ನಾನು ಹೇಳುತ್ತಿಲ್ಲ. ದೊಡ್ಡ ಆಸ್ಪತ್ರೆ ನಡೆಯುವುದು ನಮ್ಮ ಓಣಿಯ ಬಿಸಿಲಿನಿಂದ, ನೀರು ಮೇಲೆ ಏರುವುದೂ ಅದರಿಂದಲೇ. ಎದುರುಬದುರು ಮಾಳಿಗೆಗಳ ನಡುವೆ, ಓಣಿಯ ಮೇಲೂ ಬಿಸಿಲು ಹಿಡಿಯುವ ಗಾಜಿನ ಫಲಕ ಹಾಸಿದ್ದಾರೆ. ಬೇಸಿಗೆಯಲ್ಲಿ ಆ ನೆರಳೇ ನಮ್ಮನ್ನು ಉಳಿಸುತ್ತದೆ. ಆದರೆ ಕೆಳಗೆ ಬಿಸಿಲು ಬೀಳುವುದಿಲ್ಲ. ಹಪ್ಪಳ ಪೆಟ್ಟಿಗೆಯಲ್ಲಿ ಒಣಗುತ್ತವೆ. ಮಜ್ಜಿಗೆಗೆ ಬಿಸಿಲುಹನಿ ಎಂಬ ಔಷಧ ಹಾಕಿಕೊಂಡು ಕುಡಿಯುತ್ತೇವೆ, ಎಲುಬಿಗೆ ಬೇಕಂತೆ. ಬಿಸಿಲು ಕಾಯಿಸಬೇಕೆಂದರೆ ಊರ ಹೊರಗಿನ ಬಯಲಿಗೆ ಹೋಗಬೇಕು.

ಮಾಳಿಗೆ ಹತ್ತುವ ಹಕ್ಕು ಫಲಕ ತೊಳೆಯುವವರಿಗೆ ಮಾತ್ರ. ನಮ್ಮ ಓಣಿಗೆ ತೊಳೆಯುವವಳು ನಾನು. ಸೂರ್ಯ ಹುಟ್ಟುವ ಮೊದಲೇ ಹತ್ತಿ, ಒರೆಸಿ, ಇಳಿದುಬಿಡುತ್ತೇನೆ. ಓಣಿಯ ಫಲಕಗಳನ್ನೆಲ್ಲ ಒಂದೇ ಸರದಲ್ಲಿ ಪೋಣಿಸಿದ್ದಾರೆ. ಒಂದರ ಮೇಲೆ ನೆರಳು ಬಿದ್ದರೂ ಇಡೀ ಸರದ ವಿದ್ಯುತ್ತು ಕುಗ್ಗುತ್ತದೆ, ಮಂಡಳಿಗೆ ತಿಳಿಯುತ್ತದೆ.

ನಮ್ಮ ಗುರಪಾದ ಮುತ್ಯಾ, ನನ್ನ ಅವ್ವನ ಅಪ್ಪ, ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಮಲಗಿದಲ್ಲೇ ಇದ್ದಾನೆ. ಗಾಡಿಯ ಕುಲುಕಾಟ ತಡೆಯುವುದಿಲ್ಲ, ಬಯಲಿಗೆ ಒಯ್ಯುವಂತಿಲ್ಲ. ಈ ಚಳಿಗಾಲ ಪೂರ್ತಿ ಒಂದೇ ಕೇಳಿದ: ಬಿಸಿಲಿಗೆ ಹಾಕು. ಅವ್ವ ಬೈದಳು. ನಾನೂ ಕೇಳದವಳಂತೆ ಇದ್ದೆ. ಆಮೇಲೆ ಅವನು ಕೇಳುವುದನ್ನೇ ಬಿಟ್ಟ. ಅದು ನನ್ನಿಂದ ತಡೆಯಲಾಗಲಿಲ್ಲ.

ಹೋದ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ, ತೊಳೆಯಬೇಕು, ಸರ ನಿಲ್ಲಿಸಿ ಎಂದು ಮಂಡಳಿಗೆ ಸುದ್ದಿ ಕಳಿಸಿದೆ. ಅವರು ಅರ್ಧ ತಾಸು ನಿಲ್ಲಿಸಿದರು. ಅವ್ವ ಬೈಯುತ್ತಲೇ ಮುತ್ಯಾ ಮಲಗಿದ್ದ ಹೊರಸಿನ ಒಂದು ಕಡೆ ಹಿಡಿದಳು, ಇಬ್ಬರೂ ಮಾಳಿಗೆಗೆ ಏರಿಸಿದೆವು. ಫಲಕಗಳ ನಡುವೆ ಹಾದಿ ಕಿರಿದು, ಹೊರಸನ್ನು ಓರೆಯಾಗಿ ಇಟ್ಟೆವು. ಮುತ್ಯಾ ಕಣ್ಣು ಮುಚ್ಚಿಕೊಂಡು ಅಂಗೈ ಎರಡನ್ನೂ ಮೇಲೆ ಮಾಡಿ ಮಲಗಿದ. ಹೊತ್ತಾಯಿತು ಎಂದೆ.

"ಕೆಳಗ ಇಳಿಸಬ್ಯಾಡ. ಊಟ ಇಲ್ಲೇ ತಾ" ಎಂದ.

ಇಳಿಸಿದೆವು.

ನನ್ನ ಸುಳ್ಳು ಸಂಜೆಯೊಳಗೇ ಬಯಲಾಯಿತು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳುತ್ತದೆ. ಒಂಬತ್ತು ಗಂಟೆಗೆ ಯಾರೂ ತೊಳೆಯುವುದಿಲ್ಲ. ದಿನಾ ಮಾಡುವ ಕೆಲಸ, ಅದೇ ನನಗೆ ಹೊಳೆಯಲಿಲ್ಲ. ಮಂಡಳಿಯಿಂದ ಪರೀಕ್ಷೆಗೆ ಬಂದ ಮೆಹರಾಜ ಬೇಗಂ ತಾವೂ ಮೊದಲು ಫಲಕ ತೊಳೆದವರು. ಗಾಜಿನ ಮೇಲೆ ಬೆರಳಾಡಿಸಿ, ನನ್ನ ಕಡೆ ನೋಡದೆ, "ಕಾದ ಗಾಜಿಗೆ ನೀರು ಹಾಕೋವಷ್ಟು ದಡ್ಡಿ ಅಲ್ಲ ನೀ. ಏನ್ ಮಾಡಾಕತ್ತಿದ್ದಿ, ನಾಳಿದ್ದು ಮಂಡಳಿ ಮುಂದ ಹೇಳವ್ವಾ" ಎಂದು ಹೋದರು. ಆ ನಾಳಿದ್ದು ಹೋಗಿ ವಾರ ಮುಂದೆ ಬಿತ್ತು. ಈಗ ನಾಳೆ ಹನ್ನೊಂದಕ್ಕೆ ಎಂದು ಹೇಳಿಕಳಿಸಿದ್ದಾರೆ. ವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ತೊಳೆದ ಫಲಕವನ್ನೇ ಮತ್ತೆ ತೊಳೆಯುತ್ತೇನೆ.

ತೊಳೆಯುತ್ತಿದ್ದೆ ಎಂದೇ ಹೇಳು ಎನ್ನುತ್ತಾರೆ ಓಣಿಯವರು. ಹಾಗೆ ಹೇಳಿದರೆ ಕೆಲಸ ತಿಳಿಯದವಳೆಂದು ನನ್ನಿಂದ ಮಾಳಿಗೆಯ ಬೀಗದ ಕೈ ಕಸಿದುಕೊಳ್ಳುತ್ತಾರೆ. ನಿಜ ಹೇಳಿದರೆ ಮಾಳಿಗೆಯ ಬಾಗಿಲಿಗೆ ಮಂಡಳಿಯ ಕಾವಲು ಬರುತ್ತದೆ. ಎರಡರಲ್ಲೂ ಮುತ್ಯಾನಿಗೆ ಬಿಸಿಲಿಲ್ಲ. ಅವನೋ, ಮಂಗಳವಾರದಿಂದ ಮತ್ತೆ ಕೇಳಲು ಶುರುಮಾಡಿದ್ದಾನೆ. ನಾನು ನಿಜವನ್ನೇ ಹೇಳುತ್ತೇನೆ. ಅಷ್ಟು ಜನರ ಮುಂದೆ ದನಿ ಬಂದರೆ.

ಆದ್ದರಿಂದ ಆಯಿ, ನಿಮ್ಮಲ್ಲಿ ಒಂದೇ ಬೇಡಿಕೆ. ಬಿಸಿಲು ಮಾರಿ, ಬೇಡ ಎನ್ನುವುದಿಲ್ಲ. ಸಹಿ ಮಾಡುವ ಮೊದಲು ಪೆನ್ನು ಕೆಳಗಿಟ್ಟು, ಒಂದು ಹೊರಸು ಹಾಕುವಷ್ಟು ಜಾಗ ಮನೆಯವರಿಗೆ ಎಂದು ಬರೆಸಿ. ಅವರು ಗಡಿಬಿಡಿ ಮಾಡುತ್ತಾರೆ, ನೀವು ಮಾಡಬೇಡಿ. ಉದ್ದ ಆರು ಅಡಿ, ಅಗಲ ಮೂರು. ಮುತ್ಯಾ ಎತ್ತರದ ಮನುಷ್ಯ. ಉದ್ದ ಅರ್ಧ ಅಡಿ ಹೆಚ್ಚೇ ಇರಲಿ.